ಅವೇ ಎರಡು ವಿಷಯ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ

ದ್ವಿತೀಯ ಪಿಯುಸಿಗೆ 2024ರಲ್ಲಿ ಮೂರು ಪರೀಕ್ಷೆಗಳಿದ್ದವು. ಪರೀಕ್ಷೆ-2ರಲ್ಲಿ ಗಣಿತ, ಭೌತಶಾಸ್ತ್ರ ಎರಡನ್ನೇ ಬರೆಯುವವರಿಗೆ ವಿಶೇಷ ತರಗತಿ ಇಡಬೇಕಿತ್ತು. ಪಟ್ಟಿ ತೆಗೆಯಲು ಸರ್ ನನಗೆ ಹೇಳಿದರು. ಒಬ್ಬರಿಗೆ ಹಲವು ವಿಷಯ, ಒಂದು ವಿಷಯಕ್ಕೆ ಹಲವರು. ಹಾಗಾಗಿ ‘ನೋಂದಣಿ’ ಟೇಬಲ್‌ನಲ್ಲಿ ಪ್ರತಿ ವಿದ್ಯಾರ್ಥಿಯ ಪ್ರತಿ ವಿಷಯಕ್ಕೂ ಒಂದು ಸಾಲು.

ನಾನು ‘ವೇರ್’ ಹಾಕಿ ಗಣಿತ, ಭೌತಶಾಸ್ತ್ರದ ಸಾಲುಗಳನ್ನಷ್ಟೇ ಉಳಿಸಿಕೊಂಡು, ಎರಡು ಸಾಲು ಇದ್ದವರನ್ನು ಆರಿಸಿದೆ. ಕಲಘಟಗಿಯಿಂದ ಬಸ್ಸಿಗೆ ಬರುವ ಗೆಳತಿಯ ಹೆಸರೂ ಬಂತು. ಪಟ್ಟಿ ನೋಟಿಸ್ ಬೋರ್ಡಿಗೆ ಹೋಗುವ ಮೊದಲು ಅವಳೇ ಕೇಳಿದಳು: “ನನಗೆ ರಸಾಯನಶಾಸ್ತ್ರವೂ ಇದೆಯಲ್ಲ? ಅದೇ ಹೊತ್ತಿಗೆ ಆ ತರಗತಿ!” ಎಣಿಸುವ ಮೊದಲೇ ‘ವೇರ್’ ಅವಳ ಮೂರನೇ ಸಾಲನ್ನು ಬಿಟ್ಟಿತ್ತು.

ತಿದ್ದಿದ ಕ್ವೆರಿ:

ಸೆಲೆಕ್ಟ್ ರೋಲ್ ಫ್ರಮ್ ನೋಂದಣಿ
ಗ್ರೂಪ್ ಬೈ ರೋಲ್
ಹ್ಯಾವಿಂಗ್ ಕೌಂಟ್(*) = 2
ಅಂಡ್ ಸಮ್(ಕೇಸ್ ವೆನ್ ವಿಷಯ ಇನ್ ('ಗಣಿತ', 'ಭೌತಶಾಸ್ತ್ರ') ದೆನ್ 1 ಎಲ್ಸ್ 0 ಎಂಡ್) = 2;

ಒಟ್ಟು ವಿಷಯ ಎರಡೇ ಎಂದು ಮೊದಲ ಷರತ್ತು ನೋಡುತ್ತದೆ. ಅವು ನಮಗೆ ಬೇಕಾದವೇ ಎಂದು ಎರಡನೆಯದು. ಒಂದೇ ಸಾಲು ಎರಡು ಸಲ ಸೇರದಂತೆ ರೋಲ್, ವಿಷಯ ಎರಡೂ ಕೂಡಿ ಪ್ರೈಮರಿ ಕೀ ಆಗಿರಲಿ.

ಇನ್ನು ಗೆಳತಿಯಂತೆ ಮೂರು ವಿಷಯದವರ ಪಟ್ಟಿಗೆ ಏನೇನು ಬದಲಿಸಬೇಕು? ಲ್ಯಾಬ್‌ನಲ್ಲಿ ನೀವೇ ಬರೆದು ನೋಡಿ.