ನಾಲ್ಕನೇ ಲೆವೆಲ್‌ನ ಆಯ್ಕೆ

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ನಿಯಮಗಳಂತೆ, ಪಾತ್ರ 4ನೇ ಲೆವೆಲ್ ಮುಟ್ಟಿದಾಗ ಆಟಗಾರರ ಮುಂದೆ ಎರಡು ದಾರಿ: ಸಾಮರ್ಥ್ಯದ ಅಂಕಗಳಿಗೆ ಒಟ್ಟು 2 ಸೇರಿಸುವುದು, ಇಲ್ಲವೇ, ಆಟ ನಡೆಸುವವರು ಒಪ್ಪಿದರೆ, ‘ಫೀಟ್’ ಎಂಬ ವಿಶೇಷ ಕೌಶಲ ಪಡೆಯುವುದು. ಇದೇ ಅವಕಾಶ 8, 12, 16 ಮತ್ತು 19ರಲ್ಲಿ ಮತ್ತೆ ಬರುತ್ತದೆ. ಫೈಟರ್ ವರ್ಗದ ಪಾತ್ರಕ್ಕೆ 6 ಮತ್ತು 14ರಲ್ಲೂ ಉಂಟು. ಆದರೆ ಎಷ್ಟೋ ಆಟಗಳು ಅಷ್ಟು ದೂರ ಸಾಗುವುದೇ ಇಲ್ಲ. ಹಾಗಾಗಿ ಮೊದಲ ಆಯ್ಕೆಗೇ ತೂಕ ಹೆಚ್ಚು.

ಮೊದಲು ನೋಡಬೇಕಾದದ್ದು ಬೆಸ ಅಂಕ. 16 ಇದ್ದರೂ 17 ಇದ್ದರೂ ದಾಳದ ಸಂಖ್ಯೆಗೆ ಸೇರುವುದು 3 ಮಾತ್ರ. 18 ಆದರೆ 4. ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) 15 ಇರುವ ಮಾಂತ್ರಿಕನಿಗೆ ‘ರೆಸಿಲಿಯೆಂಟ್’ ಎಂಬ ಫೀಟ್ ಹೇಳಿ ಮಾಡಿಸಿದ ಹಾಗಿದೆ: ಅಂಕ 16ಕ್ಕೇರುತ್ತದೆ, ಪೆಟ್ಟು ತಿಂದರೂ ಮಂತ್ರದ ಏಕಾಗ್ರತೆ ಸುಲಭಕ್ಕೆ ಮುರಿಯದು. ಕಣ್ಣು ಕುಕ್ಕುವುದು ಮಾತ್ರ ‘ಗ್ರೇಟ್ ವೆಪನ್ ಮಾಸ್ಟರ್’ ಎಂಬ ಫೀಟ್. ಭಾರೀ ಆಯುಧದ ಗುರಿಯಲ್ಲಿ 5 ಬಿಟ್ಟುಕೊಟ್ಟರೆ ಹೊಡೆತಕ್ಕೆ 10 ಕೂಡುತ್ತದೆ. ಆದರೆ ಗಟ್ಟಿ ಕವಚದ ಶತ್ರುವಿನೆದುರು ಇದು ಬರೀ ಗಾಳಿಗುದ್ದು; ಮಾತುಕತೆಯೇ ಹೆಚ್ಚಿರುವ ಆಟದಲ್ಲಂತೂ ದಂಡ.

ಯಾವ ಫೀಟೂ ಹೊಂದದಿದ್ದರೆ ಮುಖ್ಯ ಸಾಮರ್ಥ್ಯದ ಅಂಕವನ್ನೇ ಏರಿಸುವುದು ಲೇಸು. ಅದರ ಮಿತಿ 20.