ಬಿಯರ್ ಕುಡಿಯಹೊರಟ ನಮ್ಮೂರ ಮಕ್ಕಳಿಗೆ ಒಂದಿಷ್ಟು ಕಿವಿಮಾತು

ಬೈಂದೂರು, ಉಪ್ಪುಂದ, ನಾವುಂದ, ಶಿರೂರು ಕಡೆ ಬೆಂಗಳೂರಿಗೆ ಯಾರೂ ಹೋಗದ ಮನೆಯನ್ನು ಹುಡುಕಬೇಕು. ನಮ್ಮ ಕಾಲದವರು ಹೋದದ್ದು ಹೋಟೆಲು, ಬಾರುಗಳಲ್ಲಿ ದುಡಿಯಲಿಕ್ಕೆ. ನೀವು ಹೋದದ್ದು ಕಂಪ್ಯೂಟರ್ ಮುಂದೆ ಕೂರಲಿಕ್ಕೆ. ಶನಿವಾರ ಬಂತೆಂದರೆ ನಾವು ನಿಂತಿದ್ದ ಕೌಂಟರಿನ ಈಚೆ ಬದಿಯ ಕುರ್ಚಿಯಲ್ಲಿ ನೀವಿರುತ್ತೀರಿ. ಇದರಲ್ಲಿ ನನಗೆ ಬೇಸರವಿಲ್ಲ ಮಕ್ಕಳೇ. ದುಡಿದವರಿಗೆ ಬಿಡುವು ಬೇಕು. ಆ ಬಿಡುವಿನಲ್ಲಿ ಸ್ನೇಹಿತರ ಜೊತೆ ಒಂದು ಗ್ಲಾಸು ಒಳ್ಳೆಯ ಬಿಯರ್ ಕುಡಿದರೆ ಮನೆತನದ ಮರ್ಯಾದೆ ಹೋಗುವುದಿಲ್ಲ.

ಆದರೆ ಕೌಂಟರಿನ ಆಚೆ ನಿಂತು ಬಹಳ ವರ್ಷ ಕುಡಿಯುವವರ ಮುಖ ನೋಡಿದವನು ನಾನು. ಯಾರು ಖುಷಿಯಿಂದ ಎದ್ದು ಹೋಗುತ್ತಾರೆ, ಯಾರು ಬಂದಾಗಿನದಕ್ಕಿಂತ ಹೆಚ್ಚು ದಣಿದು ಹೋಗುತ್ತಾರೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಬಿಡುವು ಮಾಡಿಕೊಂಡು ಬಂದವರು ಖುಷಿಯಿಂದ ಹೋಗುತ್ತಾರೆ. ಬಿಡುವೇ ಇಲ್ಲವೆಂಬ ಸಿಟ್ಟಿಗೆ ಕುಡಿಯುವವರು ದಣಿದು ಹೋಗುತ್ತಾರೆ. ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಆದರೂ ಬಿಡಿಸಿ ಹೇಳದಿದ್ದರೆ ನಿಮ್ಮ ವಯಸ್ಸಿನವರಿಗೆ ಹತ್ತುವುದಿಲ್ಲ, ಅದಕ್ಕೇ ಈ ಪಟ್ಟಿ.

• ಶುಕ್ರವಾರ ರಾತ್ರಿ ಬಿಡಿ, ಶನಿವಾರವೋ ಭಾನುವಾರವೋ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋಗಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ನಾಲ್ಕು ಗಂಟೆಯ ಬಿಸಿಲಿಗೆ ಮೈಯೊಡ್ಡಿ ಕೂರಬಹುದು, ನಮ್ಮೂರಿನ ಬಿಸಿಲಿನ ಹಾಗೆ ಬೆವರು ಹರಿಯುವುದಿಲ್ಲ. ಆ ಹೊತ್ತಿಗೆ ಗಲಾಟೆ ಕಡಿಮೆ, ಮಾತು ಕಿವಿಗೆ ಬೀಳುತ್ತದೆ. ಬಡಿಸುವವರಿಗೂ ಪುರಸೊತ್ತಿರುತ್ತದೆ. ಯಾವ ಬಿಯರ್ ಹೊಸದಾಗಿ ಇಳಿದಿದೆ ಎಂದು ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ಕತ್ತಲಾಗುವಾಗ ಎದ್ದು ಬಿಡಿ. ಮರುದಿನದ ಬೆಳಗು ನಿಮ್ಮ ಕೈಯಲ್ಲೇ ಉಳಿಯುತ್ತದೆ.

• ಏನು ಕುಡಿಯುತ್ತಿದ್ದೇವೆ ಎಂದು ತಿಳಿದು ಕುಡಿಯಿರಿ. ಬೆಂಗಳೂರಿಗೆ ಬಿಯರ್ ಹೊಸತಲ್ಲ. 1915ರಲ್ಲಿ ಥಾಮಸ್ ಲೈಶ್‌ಮನ್ ಎಂಬ ಸ್ಕಾಟ್‌ಲೆಂಡಿನವರು ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದ ವಿಠ್ಠಲ ಮಲ್ಯರು ನಮ್ಮ ಕರಾವಳಿಯ ಬಂಟ್ವಾಳ ಮೂಲದವರು. ನಾವು ಕೆಲಸಕ್ಕಿದ್ದಾಗ ಗಿರಾಕಿ ಕೇಳುತ್ತಿದ್ದದ್ದು ಬಾಟಲಿಯ ಲಾಗರ್ ಒಂದನ್ನೇ, ಅದು ತಣ್ಣಗಿದ್ದರೆ ಸಾಕಿತ್ತು. ಅಲ್ಲೇ ಬೇಯಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಕೊಡುವ ಮೈಕ್ರೊಬ್ರೂವರಿಗಳು ಬಂದದ್ದು ಆಮೇಲೆ. 2011ರಲ್ಲಿ ವಿಠ್ಠಲ್ ಮಲ್ಯ ರಸ್ತೆಯಲ್ಲಿ ‘ದಿ ಬಿಯರ್ ಕ್ಲಬ್’ ತೆರೆಯಿತು. ಇಂದಿರಾನಗರದ ‘ಟಾಯ್ಟ್’, ವೈಟ್‌ಫೀಲ್ಡಿನ ‘ವಿಂಡ್‌ಮಿಲ್ಸ್’ ಎಲ್ಲ ಅದೇ ಅಲೆಯವು.

ಬಿಯರಿಗೆ ಬೇಕಾದದ್ದು ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂವು, ಯೀಸ್ಟ್. ಕಹಿ ಬರುವುದು ಹಾಪ್ಸಿನಿಂದ, ಬಣ್ಣ ಬರುವುದು ಬಾರ್ಲಿಯನ್ನು ಎಷ್ಟು ಹುರಿದರು ಎನ್ನುವುದರಿಂದ. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದಲ್ಲ, ಅದಕ್ಕೆ ಯಾರೂ ಬಾಳೆಹಣ್ಣು ಹಿಸುಕಿ ಹಾಕಿರುವುದಿಲ್ಲ, ಅದು ಯೀಸ್ಟಿನ ಕೆಲಸ. ಏಲ್ ಎನ್ನುವುದು ಬೆಚ್ಚಗಿನ ಜಾಗದಲ್ಲಿ ಬೇಗ ಹುದುಗುತ್ತದೆ. ಲಾಗರ್ ತಣ್ಣಗಿನ ಟ್ಯಾಂಕಿನಲ್ಲಿ ವಾರಗಟ್ಟಲೆ ಕೂರುತ್ತದೆ. ಯಾರೋ ವಾರಗಟ್ಟಲೆ ಕಾದು ಮಾಡಿದ್ದನ್ನು ಎರಡು ನಿಮಿಷದಲ್ಲಿ ಗಟಗಟ ಇಳಿಸುವುದು ಮಾಡಿದವರಿಗೆ ತೋರುವ ಅಗೌರವ.

• ಮೊದಲು ಸಣ್ಣ ಗ್ಲಾಸಿನಲ್ಲಿ ರುಚಿ ಕೇಳಿ. ಹೆಚ್ಚಿನ ಕಡೆ ಕೊಡುತ್ತಾರೆ, ಕೇಳಲು ನಾಚಿಕೆ ಬೇಡ. ತೆಳುವಾದದ್ದರಿಂದ ಶುರು ಮಾಡಿ, ಗೋಧಿಯದ್ದು ಮೊದಲು, ಕಹಿಯ ಐಪಿಎ ಆಮೇಲೆ, ಕಾಫಿ ಪುಡಿಯ ವಾಸನೆಯ ಕಪ್ಪು ಸ್ಟೌಟ್ ಕೊನೆಗೆ. ತಲೆಕೆಳಗು ಮಾಡಿದರೆ ಮೊದಲಿನದರ ಗಡಸು ನಾಲಿಗೆಯಲ್ಲಿ ಕೂತು ಉಳಿದದ್ದೆಲ್ಲ ನೀರಿನ ಹಾಗೆ ತೋರುತ್ತದೆ. ಮಾವಿನ ಕಾಲದಲ್ಲಿ ಮಾವಿನ ಹಣ್ಣಿನ ಬಿಯರ್ ಮಾಡುತ್ತಾರೆ, ಆಗ ಅದನ್ನೇ ಕೇಳಿ.

• ಗ್ಲಾಸನ್ನು ನೋಡಿ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದವಾಗುತ್ತದೆ. ಗ್ಲಾಸಿನ ಒಳಮೈಗೆ ಅಲ್ಲಲ್ಲಿ ಗುಳ್ಳೆ ಅಂಟಿಕೊಂಡು ನಿಂತಿದ್ದರೆ ಅಲ್ಲಿ ಎಣ್ಣೆಯ ಪಸೆಯೋ ಸೋಪೋ ಉಳಿದಿದೆ ಎಂದರ್ಥ. ಚೊಕ್ಕ ಗ್ಲಾಸಿನಲ್ಲಿ ಗುಳ್ಳೆಗಳು ಅಂಟದೆ ನೆಟ್ಟಗೆ ಮೇಲೇರುತ್ತವೆ. ಒಂದೊಂದು ಗುಟುಕಿಗೂ ನೊರೆ ಒಳಮೈಯಲ್ಲಿ ಒಂದೊಂದು ಬಳೆ ಬಿಟ್ಟು ಇಳಿಯುತ್ತದೆ. ತೊಳೆದ ಗ್ಲಾಸನ್ನು ಬಟ್ಟೆಯಲ್ಲಿ ಒರೆಸಬಾರದು, ಗಾಳಿಯಾಡುವ ಹಾಗೆ ಮಗುಚಿ ಇಡಬೇಕು. ಒರೆಸಿದರೆ ಬಟ್ಟೆಯ ನೂಲು, ಜಿಡ್ಡು ಎರಡೂ ಒಳಗೆ ಉಳಿದು ನೊರೆಯನ್ನು ಕೊಲ್ಲುತ್ತವೆ. ಸುರಿಯುವಾಗ ಗ್ಲಾಸನ್ನು ಓರೆ ಹಿಡಿದು ಅಂಚಿನಿಂದ ಇಳಿಸಿ, ಮುಕ್ಕಾಲು ತುಂಬಿದ ಮೇಲೆ ನೆಟ್ಟಗೆ ಮಾಡಿ. ಮೇಲೆ ಎರಡು ಬೆರಳು ನೊರೆ ನಿಲ್ಲಬೇಕು. ನೊರೆ ಕಂಡರೆ ಮೋಸವೆಂದು ಜಗಳಕ್ಕೆ ನಿಲ್ಲುವವರನ್ನು ಬಹಳ ಕಂಡಿದ್ದೇನೆ. ಪರಿಮಳ ಮೂಗಿಗೆ ಬರುವುದೇ ಆ ನೊರೆಯಿಂದ.

ಐಸ್ ಕಟ್ಟಿದ ಗ್ಲಾಸನ್ನು ಬೇಡವೆನ್ನಿ. ಅತಿ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ. ಲಾಗರಿಗೆ ಚಳಿ ಚೆಂದ, ಸ್ಟೌಟಿಗೆ ಅಷ್ಟು ಬೇಡ.

• ಬಿಸಿಲು ನಿಮ್ಮ ಬೆನ್ನಿಗೆ ಬೀಳಲಿ, ಬಿಯರಿಗೆ ಬೇಡ. ಬೆಳಕು ತಾಗಿದರೆ ಹಾಪ್ಸಿನಲ್ಲಿರುವ ಅಂಶ ಕೆಟ್ಟು ನಾತ ಹಿಡಿಯುತ್ತದೆ. ಬಾಟಲಿಗಳಿಗೆ ಕಂದು ಬಣ್ಣ ಇರುವುದು ಅದಕ್ಕೇ. ಹಸಿರು, ಬಿಳಿ ಗಾಜು ಅಷ್ಟು ಕಾಯುವುದಿಲ್ಲ. ಬಾಟಲಿಗಳನ್ನು ಕಾರಿನ ಹಿಂದಿನ ಗಾಜಿನಡಿ ಇಟ್ಟು ಶಿರಾಡಿ ಘಾಟಿ ಇಳಿದು ಬಂದರೆ ಬೈಂದೂರು ಮುಟ್ಟುವಾಗ ಅದರ ರುಚಿ ಹೋಗಿರುತ್ತದೆ. ಬ್ರೂವರಿಯ ತಾಜಾ ಬಿಯರನ್ನು ಊರಿಗೆ ತರುವ ಸಾಹಸವೇ ಬೇಡ, ಅದು ಹುಟ್ಟಿದ ಕಡೆಯೇ ಕುಡಿಯುವಂಥದ್ದು.

• ಹೊಟ್ಟೆಗೆ ಏನಾದರೂ ಹಾಕಿಕೊಂಡು ಕೂರಿ. ಹುರಿದ ನೆಲಗಡಲೆ ಆಗುತ್ತದೆ, ಬಂಗುಡೆ ಫ್ರೈ ಸಿಕ್ಕಿದರೆ ಇನ್ನೂ ಒಳ್ಳೆಯದು. ಕುಂದಾಪುರದ ಘೀ ರೋಸ್ಟಿನ ಖಾರಕ್ಕೆ ಗೋಧಿ ಬಿಯರ್ ಒಗ್ಗುತ್ತದೆ, ಕಹಿ ಐಪಿಎ ಆ ಖಾರವನ್ನು ಇನ್ನಷ್ಟು ಉರಿಸುತ್ತದೆ. ಒಂದು ಗ್ಲಾಸು ಬಿಯರಿಗೆ ಒಂದು ಗ್ಲಾಸು ನೀರು ಲೆಕ್ಕ ಇಟ್ಟುಕೊಳ್ಳಿ. ಬಿಯರ್ ಬಾಯಾರಿಕೆ ತೀರಿಸುವುದಿಲ್ಲ, ಮೂತ್ರವಾಗಿ ಮೈಯ ನೀರನ್ನೇ ಹೊರಗೆ ಹಾಕುತ್ತದೆ.

• ಲೆಕ್ಕ ತಿಳಿದಿರಲಿ. ಅರ್ಧ ಲೀಟರಿನ ಶೇ. 5ರ ಬಿಯರಿನಲ್ಲಿ ಸುಮಾರು 20 ಗ್ರಾಂ ಆಲ್ಕೊಹಾಲ್ ಇರುತ್ತದೆ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಅಂದರೆ ಒಂದೇ ಗ್ಲಾಸಿಗೆ ಕಡಿಮೆಯೆಂದರೂ ಎರಡು ಗಂಟೆ ಬೇಕು. ಅದೇ ಗ್ಲಾಸಿನಲ್ಲಿ ಶೇ. 8ರದ್ದಿದ್ದರೆ 30 ಗ್ರಾಂ ದಾಟುತ್ತದೆ. ಬೋರ್ಡಿನಲ್ಲಿ ಹೆಸರಿನ ಪಕ್ಕ ಬರೆದ ಆ ಶೇಕಡಾವನ್ನು ಬೆಲೆಗಿಂತ ಮೊದಲು ಓದಿ. ಕಾಫಿ ಕುಡಿದರೆ, ತಲೆಗೆ ನೀರು ಹೊಯ್ದುಕೊಂಡರೆ ಅಮಲು ಇಳಿಯುತ್ತದೆ ಎನ್ನುವುದು ಸುಳ್ಳು. ಅದಕ್ಕೆ ಹೊತ್ತು ಕಳೆಯಬೇಕು, ಬೇರೆ ಮದ್ದಿಲ್ಲ.

• ಗಾಡಿ ಮುಟ್ಟಬೇಡಿ. ಒಂದೇ ಗ್ಲಾಸು ಎನ್ನಬೇಡಿ, ಸ್ಕೂಟರ್ ತಾನೇ ಎನ್ನಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ದುಡಿದು ಕಟ್ಟಬಹುದು. ಆದರೆ ರಾತ್ರಿ ಎರಡು ಗಂಟೆಗೆ ಊರಿನ ಮನೆಯ ಫೋನು ಹೊಡೆದುಕೊಂಡರೆ ತಾಯಿಯ ಎದೆ ಏನಾಗುತ್ತದೆ ಎಂಬುದಕ್ಕೆ ಯಾವ ಕಾನೂನಿನಲ್ಲೂ ಲೆಕ್ಕವಿಲ್ಲ. ಇಂದಿರಾನಗರಕ್ಕೂ ಎಂ.ಜಿ. ರೋಡಿಗೂ ಮೆಟ್ರೊ ಇದೆ. ಕೊನೆಯ ರೈಲು ಎಷ್ಟು ಗಂಟೆಗೆಂದು ಕೂರುವ ಮೊದಲೇ ನೋಡಿಕೊಳ್ಳಿ.

• 21 ತುಂಬದ ತಮ್ಮಂದಿರು, ತಂಗಿಯರನ್ನು ಕರೆದೊಯ್ದು ಕುಡಿಸಬೇಡಿ. ಕುಡಿಯದವರಿಗೆ ಒತ್ತಾಯ ಮಾಡಬೇಡಿ, ‘ಎಂತಕ್ಕೆ ಕುಡಿಯುದಿಲ್ಲ ನೀನು’ ಎಂದು ಕೇಳುವುದೂ ಬೇಡ. ಅವರ ಮನೆಯಲ್ಲಿ ಕುಡಿತದಿಂದ ಏನಾಗಿದೆಯೋ ನಿಮಗೆ ಗೊತ್ತಿರುವುದಿಲ್ಲ. ನಮ್ಮ ಹೆಣ್ಣುಮಕ್ಕಳೂ ಸ್ನೇಹಿತೆಯರ ಜೊತೆ ಹೋಗುತ್ತಾರೆ, ಹೋಗಲಿ. ಗಂಡುಮಕ್ಕಳಿಗೆ ಹೇಳಿದ ಮಾತೇ ಅವರಿಗೂ. ಗ್ಲಾಸನ್ನು ಬಿಟ್ಟು ಎದ್ದು ಹೋದರೆ ಮರಳಿ ಬಂದು ಅದನ್ನೇ ಕುಡಿಯಬೇಡಿ, ಬೇರೆ ತರಿಸಿಕೊಳ್ಳಿ. ಇದು ಇಬ್ಬರಿಗೂ.

• ಬಡಿಸುವವರನ್ನು ಬೆರಳು ಚಿಟಿಕೆ ಹೊಡೆದು ಕರೆಯಬೇಡಿ. ಅಡುಗೆಮನೆಯಲ್ಲೋ ಕೌಂಟರಿನಲ್ಲೋ ನಮ್ಮ ಹೆಬ್ರಿಯ, ಕೊಲ್ಲೂರಿನ, ಗಂಗೊಳ್ಳಿಯ ಹುಡುಗರು ಇದ್ದೇ ಇರುತ್ತಾರೆ. ‘ಹ್ವಾಯ್, ಯಾವೂರು?’ ಎಂದು ಒಂದು ಸಲ ನಮ್ಮ ಮಾತಿನಲ್ಲಿ ಕೇಳಿ ನೋಡಿ, ಮುಖ ಹೇಗೆ ಅರಳುತ್ತದೆ ಎಂದು. ಅಂಗಡಿ ಮುಚ್ಚುವ ಹೊತ್ತಿಗೆ ಇನ್ನೊಂದು ಸುತ್ತು ಕೇಳಬೇಡಿ. ನೀವು ಎದ್ದ ಮೇಲೆ ಅವರಿಗೆ ಮೇಜು ಒರೆಸಿ, ಗ್ಲಾಸು ತೊಳೆದು, ಲೆಕ್ಕ ಒಪ್ಪಿಸಿ ರೂಮು ಸೇರಬೇಕು. ಆ ನಡುರಾತ್ರಿಯ ಕಾಲುನೋವು ನನಗೆ ಗೊತ್ತು. ಟಿಪ್ಸ್ ಅವರ ಕೈಗೇ ಕೊಡಿ.

• ಸಂಬಳ ಬಂದ ದಿನ ಮೊದಲು ಮನೆಗೆ ಕಳಿಸಿ, ಬಾಡಿಗೆ ಕಟ್ಟಿ. ಉಳಿದದ್ದರಲ್ಲಿ ಬಿಯರ್. ಮೊಬೈಲಿನಲ್ಲಿ ಸಾಲ ತೆಗೆದು ಪಾರ್ಟಿ ಕೊಡಿಸುವ ದೊಡ್ಡಸ್ತಿಕೆ ಬೇಡ.

ಇನ್ನು ರಜೆಗೆ ಊರಿಗೆ ಬಂದಾಗಿನ ಮಾತು. ಇಲ್ಲಿಯ ಬಿಸಿಲೇ ಬೇರೆ, ಇಲ್ಲಿಯ ನಿಯಮವೂ ಬೇರೆ.

• ಇಲ್ಲಿ ಬಂದು ಕ್ರಾಫ್ಟ್ ಬಿಯರ್ ಇಲ್ಲವೆಂದು ಮುಖ ಸಣ್ಣ ಮಾಡಬೇಡಿ. ತೆಂಗಿನ ಹೊಂಬಾಳೆ ಕಟ್ಟಿ, ಹದವಾಗಿ ಬಡಿದು, ತುದಿ ಕೊಯ್ದು ಇಳಿಸುವ ಕಳ್ಳು ನಮ್ಮ ಮೂರ್ತೆದಾರರ ಕಸುಬು. ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. ಕಳ್ಳು ಮಾತ್ರ ಉಡುಪಿ, ದಕ್ಷಿಣ ಕನ್ನಡದಲ್ಲಿ ಉಳಿದುಕೊಂಡಿದೆ. ಬೆಳಿಗ್ಗೆ ಇಳಿಸಿದ್ದು ಸಿಹಿ. ಗಾಳಿಯಲ್ಲಿರುವ ಯೀಸ್ಟೇ ಅದನ್ನು ಹುದುಗಿಸುವುದರಿಂದ ಬಿಸಿಲೇರಿದ ಹಾಗೆ ಹುಳಿಯೂ ಏರುತ್ತದೆ, ಅಮಲೂ ಏರುತ್ತದೆ. ಇನ್ನೂ ಇಟ್ಟರೆ ವಿನಿಗರ್ ಆಗುತ್ತದೆ. ನೀವು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕುಡಿಯುವ ಸೋಸದ ಗೋಧಿ ಬಿಯರಿನಂತೆ ಇದೂ ಜೀವ ಇರುವ ಪಾನೀಯ. ಕುಡಿಯುವುದಾದರೆ ಲೈಸೆನ್ಸ್ ಇರುವ ಅಂಗಡಿಯದ್ದೇ ಕುಡಿಯಿರಿ, ತಾಜಾ ಇದ್ದಾಗ ಸ್ವಲ್ಪವೇ ಕುಡಿಯಿರಿ. ಮರ ಹತ್ತುವ ಆ ಜೀವದ ಹತ್ತಿರ ಚೌಕಾಸಿ ಮಾಡಬೇಡಿ.

• ಕುಡಿದು ಸಮುದ್ರಕ್ಕೆ ಇಳಿಯಬೇಡಿ. ಬೈಂದೂರಿನ ಸೋಮೇಶ್ವರ ಇರಲಿ, ತ್ರಾಸಿ ಇರಲಿ, ಮರವಂತೆ ಇರಲಿ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಕಾರು ನಿಲ್ಲಿಸಿ ಎರಡು ಹೆಜ್ಜೆ ಇಟ್ಟರೆ ನೀರು. ಅಷ್ಟು ಹತ್ತಿರ ಇರುವುದೇ ಅಪಾಯ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳನ್ನೇ ದಡಕ್ಕೆ ಎಳೆದಿಡುತ್ತಾರೆ. ಹುಟ್ಟಿದಾಗಿನಿಂದ ಕಡಲು ಕಂಡ ಮೀನುಗಾರರೇ ಆಗ ಅದಕ್ಕೆ ಹೆದರುತ್ತಾರೆ.

• ದಂಡೆಯಲ್ಲಿ ಬಾಟಲಿ ತೆರೆಯಬೇಡಿ. ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಅಬಕಾರಿ ಕಾನೂನಿಗೆ ವಿರುದ್ಧ, ಅದು ಒಂದು ಕಾರಣ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಕೈರಂಪಣಿ ಬಲೆ ಎಳೆಯುವವರು ಬರಿಗಾಲಲ್ಲಿ ಮರಳಿಗೆ ಹಿಮ್ಮಡಿ ಊರಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹಗ್ಗ ಎಳೆಯುತ್ತಾರೆ. ಅವರ ಕಣ್ಣು ಬಲೆಯ ಮೇಲೆ ಇರುತ್ತದೆ, ಹಿಂದೆ ಮರಳಿನಲ್ಲಿ ಒಡೆದ ಗಾಜು ಹೂತಿದ್ದರೆ ಕಾಣುವುದಿಲ್ಲ. ಹಿಮ್ಮಡಿ ಸೀಳಿದರೆ ಉಪ್ಪುನೀರಿನಲ್ಲಿ ನಿಂತು ಮಾಡುವ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ಸಂಜೆ ಒತ್ತಿನೆಣೆಗೆ ಹೋಗಿ, ಸೂರ್ಯ ಮುಳುಗುವುದನ್ನು ನೋಡಿ, ಬರುವಾಗ ತಂದದ್ದನ್ನೆಲ್ಲ ವಾಪಸ್ ತನ್ನಿ.

• ಬಯಲಾಟಕ್ಕೆ, ಕೋಲಕ್ಕೆ, ಕಂಬಳಕ್ಕೆ ಕುಡಿದು ಬರಬೇಡಿ. ಮಂದಾರ್ತಿ, ಮಾರಣಕಟ್ಟೆ ಮೇಳದ ಆಟ ಯಾರೋ ಹರಕೆ ಹೊತ್ತು ಆಡಿಸಿದ್ದು. ಬೆಳಗಿನ ಜಾವದವರೆಗೆ ಕೂತು ಚೆಂಡೆ ಕೇಳುವುದೂ ಬಿಡುವೇ, ಅದಕ್ಕೆ ಗ್ಲಾಸಿನ ಜೊತೆ ಬೇಕಿಲ್ಲ.

• ಬಿಯರ್ ಇಲ್ಲದ ಶನಿವಾರ ಸಾಧ್ಯವೇ ಎಂದು ಆಗಾಗ ನೋಡಿಕೊಳ್ಳಿ. ಕಬ್ಬನ್ ಪಾರ್ಕಿನಲ್ಲಿ ಮಧ್ಯಾಹ್ನ ಕಳೆಯಿರಿ, ಲಾಲ್‌ಬಾಗಿನ ಬಂಡೆ ಹತ್ತಿ. ಗ್ಲಾಸಿಲ್ಲದೆ ಹೊತ್ತು ಹೋಗುವುದಿಲ್ಲ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ ಎಂದಾದರೆ ಮುಚ್ಚಿಡದೆ ವೈದ್ಯರ ಹತ್ತಿರ ಹೋಗಿ. ಆ ಸ್ಥಿತಿಯಲ್ಲಿ ತಾನೇ ಒಮ್ಮೆಗೇ ನಿಲ್ಲಿಸುವುದೂ ಅಪಾಯ, ಅವರು ಹೇಳಿದ ಹಾಗೆ ನಿಲ್ಲಿಸಿ. ನಮ್ಮ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ನಡೆಯುತ್ತವೆ. ಅಲ್ಲಿಗೆ ಹೋಗಿ ಬಂದವರನ್ನು ಆಡಿಕೊಳ್ಳುವ ಊರಿನವರ ಬಾಯಿಗೆ ಹೆದರಬೇಡಿ. ಇಷ್ಟು ಕುಡಿದರೆ ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಿಯರನ್ನು ಹೊಗಳುತ್ತ ಬಂದ ನಾನು ಇದನ್ನೂ ಹೇಳದೆ ಬಿಟ್ಟರೆ ನಿಮ್ಮ ಹಿರಿಯ ಎನಿಸಿಕೊಳ್ಳಲು ಯೋಗ್ಯನಲ್ಲ.

• ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುವ ಸಂಜೆ ಒಂದು ತೊಟ್ಟೂ ಬೇಡ. ರೈಲಿನಲ್ಲಿ ಅಮಲೇರಿ ಗಲಾಟೆ ಮಾಡಿದರೆ ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ಪ್ರಕಾರ ಕೆಳಗಿಳಿಸಬಹುದು, ಜೈಲಿಗೂ ಹಾಕಬಹುದು. ಗಲಾಟೆ ಮಾಡದಿದ್ದರೂ ನಿದ್ದೆ ಹತ್ತಿ ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್ ದಾಟಿತೆಂದರೆ ಭಟ್ಕಳದಿಂದ ಬಸ್ಸು ಹಿಡಿದು ವಾಪಸ್ ಬರಬೇಕು, ಅಷ್ಟರಲ್ಲಿ ಸ್ಟೇಷನ್ನಿಗೆ ಕರೆಯಲು ಬಂದ ಅಪ್ಪಯ್ಯ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರೇ ನಿಂತಿರುತ್ತಾರೆ.