ಸೋತ ತಂಡವನ್ನು ಮರಳಿ ಕಟ್ಟುವ ಬಗೆ

ಆಟವೆಂದಮೇಲೆ ಸೋಲು ಯಾರಿಗೂ ತಪ್ಪಿದ್ದಲ್ಲ. ಆದರೆ ಸೋತವರು ಮರಳಿ ಏಳುವುದಕ್ಕೆ ನಿಯಮಗಳೇ ಕೈನೀಡುವ ಏರ್ಪಾಡು ಎಲ್ಲೆಡೆಯೂ ಕಾಣದು. ಅಮೆರಿಕೆಯ ವೃತ್ತಿಪರ ಬಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ.ಯಲ್ಲಿ ಅಂಥದೊಂದು ಏರ್ಪಾಡುಂಟು. ಅದನ್ನು ನಾವೀಗ ವಿಚಾರಿಸೋಣ.

ಈ ಸಂಘದ 30 ತಂಡಗಳಲ್ಲಿ ಪ್ರತಿಯೊಂದೂ ಒಂದು ಋತುವಿಗೆ ಸಾಮಾನ್ಯವಾಗಿ 82 ಪಂದ್ಯಗಳನ್ನಾಡುತ್ತದೆ. ಅಂಗಳದಲ್ಲಿ ಒಮ್ಮೆಗೆ ಆಡುವವರು ಐವರೇ ಆದುದರಿಂದ ಒಬ್ಬ ಸಮರ್ಥನು ಬಂದರೂ ತಂಡದ ಬಲವು ಬಹಳ ಹೆಚ್ಚುತ್ತದೆ. ಹೊಸ ಆಟಗಾರರನ್ನು ತಂಡಗಳು ಪ್ರತಿ ವರ್ಷವೂ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ನಾವು ಬಲ್ಲ ಕ್ರಿಕೆಟ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರನು ದೊರೆಯುತ್ತಾನೆ. ಡ್ರಾಫ್ಟಿನಲ್ಲಿ ಕೂಗಾಟವಿಲ್ಲ, ಸರದಿಯೇ ಮುಖ್ಯ. ಮೊದಲ ಸರದಿಗಳು ಹಿಂದುಳಿದ ತಂಡಗಳ ಪಾಲಿಗೆ ಬರುತ್ತವೆ.

ಹಾಗಾದರೆ ಬೇಕೆಂದೇ ಸೋತು ಮೊದಲ ಸರದಿಯನ್ನು ಪಡೆಯಬಹುದಲ್ಲವೆ? ಈ ಆಸೆಯನ್ನು ತಡೆಯಲೆಂದೇ 1985ರಲ್ಲಿ ಚೀಟಿ ಎತ್ತುವ ಪದ್ಧತಿಯು ಬಂದಿತು. ಮುಂದೆ ಕಟ್ಟಕಡೆಯ ತಂಡಕ್ಕೆ ಮೊದಲ ಆಯ್ಕೆ ದೊರೆಯುವ ಸಂಭವವು ನೂರಕ್ಕೆ 25ರಷ್ಟಿದ್ದಿತು; 2019ರಲ್ಲಿ ಅದನ್ನು ತಗ್ಗಿಸಿ, ಕಡೆಯ ಮೂರು ತಂಡಗಳಿಗೂ ಸಮನಾಗಿ 14ಕ್ಕೆ ನಿಲ್ಲಿಸಿದರು.

ಫಿಲಡೆಲ್ಫಿಯಾ ನಗರದ ತಂಡವು 2013ರಿಂದ 2016ರ ವರೆಗಿನ ಮೂರು ಋತುಗಳಲ್ಲಿ ಕ್ರಮವಾಗಿ 19, 18, 10 ಪಂದ್ಯಗಳನ್ನಷ್ಟೇ ಗೆದ್ದಿತು. ಇಂದಿನ ಗೆಲುವಿಗಿಂತ ನಾಳಿನ ಸರದಿಯೇ ಲಾಭವೆಂಬುದು ಅದರ ಆಡಳಿತದ ಎಣಿಕೆ. 2016 ಮತ್ತು 2017ರಲ್ಲಿ ಮೊದಲ ಆಯ್ಕೆಯೂ ದೊರೆಯಿತು, ತಂಡವೂ ಬಲಗೊಂಡಿತು. ಆದರೂ 2025ರ ವರೆಗೆ ಅದು ಅಂತಿಮ ಸ್ಪರ್ಧೆಯನ್ನು ಮುಟ್ಟಲಿಲ್ಲ.

ಇನ್ನು ಒಕ್ಲಹೋಮಾ ಸಿಟಿಯ ಥಂಡರ್ ತಂಡವನ್ನು ನೋಡೋಣ. ಅದು 2019ರಲ್ಲಿ ಹೆಸರಾಂತ ಆಟಗಾರ ಪಾಲ್ ಜಾರ್ಜ್ ಅವರನ್ನು ಕ್ಲಿಪ್ಪರ್ಸ್ ತಂಡಕ್ಕೆ ಬಿಟ್ಟುಕೊಟ್ಟು, ತರುಣ ಶೇ ಗಿಲ್ಜಸ್ ಅಲೆಕ್ಸಾಂಡರ್ ಅವರನ್ನೂ ಮುಂದಿನ ವರ್ಷಗಳ ಐದು ಪ್ರಥಮ ಸುತ್ತಿನ ಸರದಿಗಳನ್ನೂ ಪಡೆಯಿತು. ಬಳಿಕ ಎರಡು ಋತುಗಳಲ್ಲಿ 22 ಮತ್ತು 24 ಗೆಲುವುಗಳಷ್ಟೇ ಬಂದವು. 2022ರಲ್ಲಿ ಎರಡನೆಯ ಆಯ್ಕೆಯಾಗಿ ಬಂದ ಚೆಟ್ ಹೋಲ್ಮ್‌ಗ್ರೆನ್ ಪಾದಕ್ಕೆ ಪೆಟ್ಟಾಗಿ ಒಂದು ಋತುವಿಡೀ ಆಡಲಿಲ್ಲ. ತಂಡವು ತಾಳ್ಮೆಗೆಡಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಗಿಲ್ಜಸ್ ಅಲೆಕ್ಸಾಂಡರ್ 2018ರಲ್ಲಿ 11ನೆಯವರಾಗಿ ಆಯ್ಕೆಯಾಗಿದ್ದವರು. ಕ್ಲಿಪ್ಪರ್ಸ್‌ನಿಂದ ಬಂದ ಸರದಿಯಲ್ಲಿ ದೊರೆತ ಜೇಲನ್ ವಿಲಿಯಮ್ಸ್ 12ನೆಯವರು. ಎದುರಾಳಿಯನ್ನು ತಡೆಯುವುದರಲ್ಲಿ ಗಟ್ಟಿಗರಾದ ಲೂ ಡಾರ್ಟ್ ಅವರನ್ನಂತೂ 2019ರ ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸಿರಲಿಲ್ಲ! ಹೊಸಬರ ವೇತನವು ಮೊದಲ ವರ್ಷಗಳಲ್ಲಿ ಕಡಿಮೆ. ಒಟ್ಟು ವೇತನಕ್ಕೆ ಮಿತಿಯಿರುವ ಸಂಘದಲ್ಲಿ ಇದು ದೊಡ್ಡ ಅನುಕೂಲ. ಹೀಗೆ ಉಳಿದ ಅವಕಾಶದಲ್ಲಿ 2024ರಲ್ಲಿ ಕರೂಸೊ, ಹಾರ್ಟೆನ್‌ಸ್ಟೈನ್ ಎಂಬ ಅನುಭವಸ್ಥರನ್ನು ತಂದು ಕೊರತೆಗಳನ್ನು ತುಂಬಿಕೊಂಡರು. 2024–25ರಲ್ಲಿ ಆ ತಂಡವು 68 ಪಂದ್ಯಗಳನ್ನು ಗೆದ್ದು, ಅಂತಿಮ ಸ್ಪರ್ಧೆಯಲ್ಲಿ ಇಂಡಿಯಾನಾ ತಂಡವನ್ನು 4–3ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು.

ಸೋಲು ಸರದಿಯನ್ನು ಕೊಡಬಲ್ಲುದೇ ಹೊರತು ತಂಡವನ್ನು ಕಟ್ಟಿಕೊಡಲಾರದು. ಗುಣವನ್ನು ಗುರುತಿಸುವ ಕಣ್ಣು, ತಿದ್ದಿ ಬೆಳೆಸುವ ಸಹನೆ, ಒಬ್ಬನ ಕೊರತೆಯನ್ನು ಇನ್ನೊಬ್ಬನಿಂದ ತುಂಬುವ ಜಾಣ್ಮೆ, ಈ ಮೂರೂ ಕೂಡಿದಾಗ ತಂಡವಾಗುತ್ತದೆ. ವಿದ್ಯಾರ್ಥಿಗಳೇ, ನಮ್ಮ ಶಾಲೆಯ ಅಂಗಳದಲ್ಲಿ ತಂಡಗಳನ್ನು ಆರಿಸುವಾಗ ಯಾರೂ ಕರೆಯದೆ ಕಡೆಗೆ ಉಳಿಯುವವನೊಬ್ಬನು ಇದ್ದೇ ಇರುತ್ತಾನೆ. ಅವನನ್ನು ಹೊರೆಯೆಂದು ಬಗೆಯದಿರೋಣ. ಅವನಿಗೆ ಯಾವ ಸ್ಥಾನ ಒಪ್ಪುವುದೆಂದು ಹುಡುಕುವುದೇ ನಾಯಕನಾದವನ ಮೊದಲ ಕೆಲಸ.